ರಾಣಿ ಛಾಪಿನ ಪವನು

ಮೊದಲು ತಾಗುವುದು ಶಾಖ. 1887ರ ಬೇಸಿಗೆಯ ಒಂದು ಬೆಳಗು, ಲಂಡನ್ನಿನ ಟವರ್ ಹಿಲ್ ಬಳಿಯ ಟಂಕಸಾಲೆ. ಹೊರಗೆ ಥೇಮ್ಸ್ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಕರಗಿಸುವ ಮನೆಯ ಹೊಸ್ತಿಲು ದಾಟಿದಿರೋ, ಮುಖದ ಚರ್ಮ ಬಿಗಿಯುತ್ತದೆ. ಸಾಲಾಗಿ ಕುಲುಮೆಗಳು, ಒಂದೊಂದರ ಹೊಟ್ಟೆಯಲ್ಲೂ ಕೆಂಪಗೆ ಕಾದು ಕುಳಿತ ಮೂಸೆ. ತೊಗಲಿನ ಏಪ್ರನ್ ಕಟ್ಟಿದವನೊಬ್ಬ ಮುಚ್ಚಳ ಸರಿಸಿದಾಗ ನೀವು ಅರೆಕ್ಷಣ ಇಣುಕಿ ನೋಡಬಹುದು, ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ತಡೆಯದು. ಒಳಗಿರುವುದು ನೀವು ತಿಳಿದ ಹಳದಿಯಲ್ಲ. ಬೆಳಕೇ ನೀರಾಗಿ ನಿಂತಂತಿದೆ.

ಹನ್ನೊಂದು ಪಾಲು ಚಿನ್ನಕ್ಕೆ ಒಂದು ಪಾಲು ತಾಮ್ರ. ಬರೀ ಚಿನ್ನ ಮೆತ್ತಗೆ. ಜೇಬಿನಲ್ಲಿ ಓಡಾಡಿದರೆ ಮುಖ ಸವೆದುಹೋದೀತು ಎಂದು ತಾಮ್ರದ ಬಲ. ಸಾವಿರ ಪಾಲಿನಲ್ಲಿ 916 ಮತ್ತು ಚಿಲ್ಲರೆ. ನಮ್ಮೂರ ಚಿನ್ನದಂಗಡಿಯ ಹಲಗೆಯ ಮೇಲೆ ಇವತ್ತು ಮಿಂಚುವ '916' ಎಂಬ ಅಂಕಿ ಇದೇ ಲೆಕ್ಕದ್ದು.

ಮೂಸೆಯನ್ನು ಇಕ್ಕಳದಲ್ಲಿ ಎತ್ತಿ ಕಬ್ಬಿಣದ ಅಚ್ಚುಗಳಿಗೆ ಬಗ್ಗಿಸುತ್ತಾರೆ. ಸದ್ದಿಲ್ಲದೆ ಹರಿದು ಸದ್ದಿಲ್ಲದೆ ಗಟ್ಟಿಯಾಗುತ್ತದೆ. ಆ ಗಟ್ಟಿಗಳ ಪೈಕಿ ಯಾವುದು ಯಾವ ನೆಲದ್ದು ಎಂದು ಕೇಳಬೇಡಿ. ಆಸ್ಟ್ರೇಲಿಯಾದ ಗಣಿಯದ್ದೂ ಕರಗಿಸಿದ ಹಳೆಯ ನಾಣ್ಯದ್ದೂ ಒಂದೇ ಮೂಸೆಯಲ್ಲಿ ಬೆರೆಯುತ್ತವೆ. ನಮ್ಮ ಕೋಲಾರದಲ್ಲಿ ಮೈಸೂರು ಗಣಿಗೆ ಒಳ್ಳೆಯ ಅದಿರಿನ ಪದರ ಸಿಕ್ಕಿ ಆಗಿನ್ನೂ ಎರಡು ಮೂರು ವರ್ಷ. ಅಲ್ಲಿಯ ಗಟ್ಟಿಗಳೂ ಹಡಗು ಹತ್ತಿ ಇದೇ ಊರಿಗೆ ಬರತೊಡಗಿದ್ದವು. ಕರಗಿದ ಮೇಲೆ ಚಿನ್ನಕ್ಕೆ ಊರಿನ ಗುರುತು ಉಳಿಯುವುದಿಲ್ಲ.

ಪಕ್ಕದ ಮನೆಯಲ್ಲಿ ಉಗಿಯಂತ್ರದ ಗುಡುಗು. ಗಟ್ಟಿಯನ್ನು ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ ಉದ್ದನೆಯ ಪಟ್ಟಿ ಮಾಡುತ್ತಾರೆ. ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿದ ಮೇಲೆ ಉಳಿಯುವುದು ತೂತು ತೂತಾದ ಚಿನ್ನದ ಜಾಲರಿ. ಅದು ಮರಳಿ ಮೂಸೆಗೆ. ನೆಲಕ್ಕೆ ಬಿದ್ದ ಧೂಳನ್ನೂ ಗುಡಿಸಿ ಎತ್ತಿಟ್ಟು ಚಿನ್ನ ಬೇರ್ಪಡಿಸುತ್ತಾರೆ. ಅಕ್ಕಸಾಲಿಗರ ಬೀದಿಯ ಚರಂಡಿ ಮಣ್ಣು ತೊಳೆದು ಹೊಟ್ಟೆ ಹೊರೆಯುತ್ತಿದ್ದ ನಮ್ಮ ಜಲಗಾರರನ್ನು ನೋಡಿದವರಿಗೆ ಈ ಕಾಳಜಿ ಹೊಸದೆನಿಸದು.

ಈಗ ಅಚ್ಚಿನ ಕೋಣೆಗೆ ಬನ್ನಿ. ಇಲ್ಲಿ ಶಾಖವಿಲ್ಲ, ಸದ್ದೂ ಕಡಿಮೆ. ಕಿಟಕಿಯ ಬೆಳಕಿಗೆ ಒಡ್ಡಿಕೊಂಡ ಮೇಜು, ಭೂತಗನ್ನಡಿ, ಸಾಲಾಗಿ ಉಳಿಗಳು. ಇದು ಲಿಯೊನಾರ್ಡ್ ಚಾರ್ಲ್ಸ್ ವಯನ್‌ನ ಕೆಲಸದ ಜಾಗ. ಟಂಕಸಾಲೆ ಅವನಿಗೆ ಬರೀ ಕಚೇರಿಯಲ್ಲ, ಮನೆತನದ ಕಸುಬಿನ ನೆಲೆ. ಅವನ ಅಪ್ಪ ವಿಲಿಯಂ ವಯನ್ ಇಲ್ಲಿಯೇ ಅಚ್ಚು ಕೆತ್ತುತ್ತಿದ್ದವನು. 1837ರಲ್ಲಿ ಹದಿನೆಂಟು ತುಂಬಿ ತಿಂಗಳೂ ಆಗದ ಹುಡುಗಿಯೊಬ್ಬಳು ಪಟ್ಟಕ್ಕೆ ಬಂದಾಗ ಅವಳ ಮುಖವನ್ನು ಚಿನ್ನಕ್ಕೆ ಇಳಿಸಿದವನು ಆ ಅಪ್ಪ. ಕೂದಲು ಹಿಂದಕ್ಕೆ ಕಟ್ಟಿ, ರಿಬ್ಬನ್ ಸುತ್ತಿದ ಎಳೆಯ ತಲೆ. ನುಣುಪಾದ ಕತ್ತು. ಆ ಮುಖ ಎಷ್ಟು ಚೆಂದವಿತ್ತೆಂದರೆ ಯಾರಿಗೂ ಅದನ್ನು ಬದಲಿಸಲು ಮನಸ್ಸಾಗಲಿಲ್ಲ. ಹುಡುಗಿಗೆ ಮದುವೆಯಾಯಿತು, ಒಂಬತ್ತು ಮಕ್ಕಳಾದವು, ಗಂಡ ಸತ್ತ, ಮೊಮ್ಮಕ್ಕಳು ಹುಟ್ಟಿದರು. ಚಿನ್ನದ ಮೇಲೆ ಮಾತ್ರ ಅವಳು ಅದೇ ಹುಡುಗಿ, ಸುಮಾರು ಐವತ್ತು ವರ್ಷ.

ಈಗ ಅಪ್ಪ ಕೆತ್ತಿದ ಹುಡುಗಿಯನ್ನು ಮಗ ಮುದುಕಿಯಾಗಿ ಕೆತ್ತಬೇಕಾಗಿದೆ. ಪಟ್ಟವೇರಿ ಐವತ್ತು ವರ್ಷ ತುಂಬುವ ಸಂಭ್ರಮಕ್ಕೆ ಹೊಸ ಮುಖ ಬರಲಿ ಎಂದು ಅಪ್ಪಣೆಯಾಗಿದೆ. ಮಾದರಿ ಮಾಡಿದವನು ಜೋಸೆಫ್ ಎಡ್ಗರ್ ಬೋಮ್. ವಿಯೆನ್ನಾದಲ್ಲಿ ಹುಟ್ಟಿದ ಶಿಲ್ಪಿ. ಅವನ ಅಪ್ಪನೂ ಅಲ್ಲಿಯ ಅರಸು ಟಂಕಸಾಲೆಯ ಮುಖ್ಯಸ್ಥನಾಗಿದ್ದವನು. ಇಬ್ಬರು ಟಂಕಸಾಲೆಯ ಮಕ್ಕಳು ಸೇರಿ ಒಬ್ಬ ಅರವತ್ತೆಂಟರ ಹೆಂಗಸಿನ ಮುಖವನ್ನು ಇಪ್ಪತ್ತೆರಡು ಮಿಲಿಮೀಟರ್ ಅಗಲದ ಬಿಲ್ಲೆಯೊಳಗೆ ಕೂರಿಸುತ್ತಿದ್ದಾರೆ. ನಮ್ಮ ಒಂದು ರೂಪಾಯಿ ಬಿಲ್ಲೆಗಿಂತ ಇಷ್ಟೇ ಇಷ್ಟು ದೊಡ್ಡದು.

ಬಗ್ಗಿ ನೋಡಿ. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಎಲ್ಲವೂ ಒಳಕ್ಕೆ ಇಳಿದಿದೆ. ಆದ್ದರಿಂದ ಅಚ್ಚೊತ್ತಿದ ಮೊದಲ ನಾಣ್ಯವನ್ನೇ ಕೈಗೆ ತೆಗೆದುಕೊಳ್ಳುವುದು ಮೇಲು. ಎಡಕ್ಕೆ ತಿರುಗಿದ ಮುಖ. ಭಾರದ ಕೆನ್ನೆ, ಮುಚ್ಚಿದ ತುಟಿ, ಗದ್ದದ ಕೆಳಗೆ ಇಳಿದ ಮಾಂಸ. ಯಾವುದನ್ನೂ ಮರೆಮಾಚಿಲ್ಲ. ಕಿವಿಯಲ್ಲಿ ಓಲೆ. ಕೊರಳಿಗೆ ಅಂಟಿದಂತೆ ಸಣ್ಣದೊಂದು ಸರ. ಎದೆಯ ಮೇಲೆ ಅಡ್ಡಕ್ಕೆ ಹಾಯ್ದ ಗಾರ್ಟರ್ ಎಂಬ ಬಿರುದಿನ ಪಟ್ಟಿ, ಅದರ ನಕ್ಷತ್ರ. ಭುಜದ ಬಳಿ ಇನ್ನೊಂದು ಪದಕವಿದೆ. ಅದು 'ವಿಕ್ಟೋರಿಯಾ ಮತ್ತು ಆಲ್ಬರ್ಟ್' ಎಂಬ ಬಿರುದಿನ ಪದಕ. ನಿಜವಾದ ಪದಕದಲ್ಲಿ ಗಂಡ ಹೆಂಡತಿ ಇಬ್ಬರ ಮುಖಗಳೂ ಕೆತ್ತಿವೆ. ಆಲ್ಬರ್ಟ್ ಸತ್ತದ್ದು 1861ರ ಡಿಸೆಂಬರ್ 14ರಂದು. ಇಪ್ಪತ್ತಾರನೇ ವರ್ಷ ನಡೆಯುತ್ತಿದೆ, ಇವಳು ಇನ್ನೂ ಅವನನ್ನು ಭುಜದ ಮೇಲೆ ಹೊತ್ತಿದ್ದಾಳೆ.

ತಲೆಯಿಂದ ಬೆನ್ನಿಗೆ ಇಳಿಯುವ ಮುಸುಕು ವಿಧವೆಯ ಮುಸುಕು. ಅದರ ತುದಿಯಲ್ಲಿ, ನೆತ್ತಿಯ ಮೇಲೆ, ಅಂಟಿಸಿದಂತೆ ಕೂತಿರುವುದು ಕಿರೀಟ.

ಈ ಕಿರೀಟದ ಹತ್ತಿರ ಸ್ವಲ್ಪ ನಿಲ್ಲೋಣ, ಮುಂದೆ ಊರೆಲ್ಲ ಮಾತಾಡುವುದು ಇದರ ಬಗ್ಗೆಯೇ. ಆಲ್ಬರ್ಟ್ ಹೋದ ಮೇಲೆ ರಾಣಿ ವರ್ಷಗಟ್ಟಲೆ ಹೊರಗೆ ಕಾಣಿಸಿಕೊಳ್ಳಲಿಲ್ಲ. ಪಾರ್ಲಿಮೆಂಟಿಗೆ ಬರಲೇಬೇಕೆಂದಾದಾಗ ದೊಡ್ಡ ಕಿರೀಟ ಭಾರ. ಮುಸುಕಿನ ಮೇಲೆ ಅದು ಕೂರುವುದೂ ಇಲ್ಲ. ಹಾಗಾಗಿ 1870ರಲ್ಲಿ ಸಣ್ಣದೊಂದನ್ನು ಮಾಡಿಸಿಕೊಂಡಳು. ಎತ್ತರ ಹತ್ತು ಸೆಂಟಿಮೀಟರೂ ಇಲ್ಲ. 1,187 ವಜ್ರ. ಅವುಗಳಿಗಾಗಿ ತನ್ನದೇ ಒಂದು ದೊಡ್ಡ ವಜ್ರದ ಸರವನ್ನು ಬಿಚ್ಚಿಸಿದಳು. ಬಣ್ಣದ ಹರಳು ಒಂದೂ ಇಲ್ಲ. ಶೋಕದಲ್ಲಿದ್ದವರಿಗೆ ಬಿಳಿಯ ವಜ್ರ ತೊಡಲು ಅಲ್ಲಿಯ ಸಂಪ್ರದಾಯದಲ್ಲಿ ಅಡ್ಡಿಯಿರಲಿಲ್ಲ. ಸರವೊಂದು ಕರಗಿ ವಿಧವೆಯ ಕಿರೀಟವಾಯಿತು. ಈ ಮಾತನ್ನು ನೆನಪಿಟ್ಟುಕೊಂಡಿರಿ.

ನಾಣ್ಯದ ಅಂಚಿನ ಅಕ್ಷರಗಳನ್ನೂ ಓದಿಬಿಡಿ. ಲ್ಯಾಟಿನ್ನಿನಲ್ಲಿದೆ: ದೇವರ ದಯೆಯಿಂದ ಬ್ರಿಟನ್ನಿನ ರಾಣಿ, ಧರ್ಮರಕ್ಷಕಿ ವಿಕ್ಟೋರಿಯಾ. ಅಷ್ಟೇ. ನಮ್ಮ ರೂಪಾಯಿಯ ಮೇಲೆ 1877ರಿಂದಲೇ ಅವಳು ಸಾಮ್ರಾಜ್ಞಿ. ಈ ಚಿನ್ನದ ಮೇಲೆ ಇಂಡಿಯಾದ ಹೆಸರೇ ಇಲ್ಲ. ಮಗುಚಿ ನೋಡಿದರೆ ಪಿಸ್ಟ್ರೂಚಿ ಎಂಬ ಇಟಲಿಯ ಕೆತ್ತನೆಗಾರ 1817ರಷ್ಟು ಹಿಂದೆ ಮಾಡಿದ ಚಿತ್ರ: ಕುದುರೆಯ ಮೇಲೆ ಬತ್ತಲೆ ಮೈಯ ಸಂತ ಜಾರ್ಜ್, ಕಾಲ ಕೆಳಗೆ ಹೊರಳುವ ಡ್ರ್ಯಾಗನ್.

ಅಚ್ಚೊತ್ತುವ ಮನೆಯಲ್ಲಿ ಮಾತು ಕೇಳಿಸದು. ಯಂತ್ರದ ಬೆರಳು ಬಿಲ್ಲೆಯೊಂದನ್ನು ತಳ್ಳುತ್ತದೆ, ಸುತ್ತಲೂ ಉಕ್ಕಿನ ಬಳೆ ಹಿಡಿಯುತ್ತದೆ, ಮೇಲಿನ ಅಚ್ಚು ಇಳಿಯುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಆ ಕಡೆ ರಾಣಿ, ಈ ಕಡೆ ಕುದುರೆ, ಅಂಚಿನಲ್ಲಿ ಬಳೆ ಒತ್ತಿದ ಗೀರುಗಳು. ತಟ್ಟೆಗೆ ಬಿದ್ದ ನಾಣ್ಯ ಬೆಚ್ಚಗಿದೆ. ಅಲ್ಲಿಂದ ತೂಕದ ಕೋಣೆ. ಗಾಜಿನ ಪೆಟ್ಟಿಗೆಗಳೊಳಗೆ ತಾವೇ ತೂಗುವ ತಕ್ಕಡಿಗಳು. ಹಗುರವಾದದ್ದು ಒಂದು ಖಾನೆಗೆ, ಭಾರವಾದದ್ದು ಇನ್ನೊಂದಕ್ಕೆ, ಸರಿಯಾದದ್ದು ನಡುವಿನದಕ್ಕೆ. 7.988 ಗ್ರಾಂ. ಅದರೊಳಗೆ ಅಪ್ಪಟ ಚಿನ್ನ 7.32. ಒಂದಿಷ್ಟು ಕಡಿಮೆಯಾದರೂ ರಾಣಿಯ ಮುಖವೆಂದು ಯಾರೂ ಮುಲಾಜು ನೋಡುವುದಿಲ್ಲ. ಅದು ಮತ್ತೆ ಮೂಸೆಗೆ ಹೋಗುತ್ತದೆ. ಆ ವರ್ಷ ಲಂಡನ್ ಟಂಕಸಾಲೆಯೊಂದರಿಂದಲೇ ಈ ಹೊಸ ಮುಖದ, ಸವರನ್ ಎಂಬ ಒಂದು ಪೌಂಡಿನ ನಾಣ್ಯಗಳು ಹನ್ನೊಂದು ಲಕ್ಷಕ್ಕೂ ಹೆಚ್ಚು ಹೊರಬಿದ್ದವು. ಐದು ಪೌಂಡಿನ ದೊಡ್ಡ ನಾಣ್ಯಗಳು 53,844. ಸಿಡ್ನಿ, ಮೆಲ್ಬರ್ನ್‌ಗಳ ಟಂಕಸಾಲೆಗಳದ್ದು ಬೇರೆ.

ಜೂನ್ 21, ಮಂಗಳವಾರ. ಟಂಕಸಾಲೆ ಬಿಟ್ಟು ಪಿಕಡಿಲಿಗೆ ಬಂದಿದ್ದೀರಿ. ಬೆಳಗಿನಿಂದಲೇ ಬಿಸಿಲು ಚುರುಗುಟ್ಟುತ್ತಿದೆ. ಮಹಡಿಗಳಿಂದ ಬಟ್ಟೆ, ಬಾವುಟ, ಹೂಮಾಲೆ ಇಳಿಬಿಟ್ಟಿದ್ದಾರೆ. ಅಂಗಡಿಗಳ ಮುಂದೆ ಮರದ ಅಟ್ಟಣಿಗೆ ಕಟ್ಟಿ ಜಾಗ ಮಾರಿದ್ದಾರೆ. ನಿಮ್ಮ ಮುಂದಿರುವ ಗಂಡಸಿನ ಹೆಗಲ ಮೇಲೆ ಮಗುವೊಂದು ಕೂತಿದೆ, ಅದರ ಬೂಟಿನ ಕಾಲು ಆಗಾಗ ನಿಮ್ಮ ಮೂಗಿಗೆ ತಾಗುತ್ತಿದೆ. ದೂರದಲ್ಲಿ ಎದ್ದ ಕೂಗು ಬೀದಿಯುದ್ದಕ್ಕೂ ಉರುಳುತ್ತ ಹತ್ತಿರ ಬರುತ್ತದೆ.

ಮೊದಲು ಬರುವುದು ದೇಶವಿದೇಶದ ರಾಜರ ಸಾರೋಟುಗಳು. ಕಛ್‌ನ ಅರಸ, ಇಂದೂರಿನ ಹೋಳ್ಕರ್; ಅವರ ರುಮಾಲಿನ ಹರಳುಗಳು ಬಿಸಿಲಿಗೆ ಹೊಳೆದಾಗ ಜನ ಓ ಎನ್ನುತ್ತಾರೆ. ಆಮೇಲೆ ಕುದುರೆಯ ಮೇಲೆ ರಾಣಿಯ ಗಂಡುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು. ಬಿಳಿಯ ಸಮವಸ್ತ್ರ, ತಲೆಗೆ ಹೊಳೆಯುವ ಶಿರಸ್ತ್ರಾಣ ತೊಟ್ಟ ಎತ್ತರದ ಅಳಿಯ, ಜರ್ಮನಿಯ ಯುವರಾಜ ಫ್ರೆಡ್ರಿಕ್. ಎಲ್ಲರ ಕಣ್ಣು ಅವನ ಮೇಲೆ. ಅವನ ಗಂಟಲಲ್ಲಿ ಕ್ಯಾನ್ಸರ್ ಬೆಳೆಯುತ್ತಿದೆ, ಇನ್ನೊಂದು ವರ್ಷದೊಳಗೆ ಅವನಿಲ್ಲ.

ಕೊನೆಗೆ ಆರು ಕೆನೆಬಣ್ಣದ ಕುದುರೆಗಳು, ತೆರೆದ ಗಾಡಿ, ಬೆಂಗಾವಲಿಗೆ ಇಂಡಿಯಾದ ರಾವುತರು. ಗಾಡಿಯಲ್ಲಿ ಒಬ್ಬ ಗಿಡ್ಡ, ದಪ್ಪ ಹೆಂಗಸು. ಕಪ್ಪು ಉಡುಪು. ತಲೆಯ ಮೇಲೆ ಕಿರೀಟವಿಲ್ಲ. ಬಿಳಿ ಲೇಸಿನ, ವಜ್ರ ಹೊಲಿದ ಬಾನೆಟ್, ಅಷ್ಟೇ.

ಮಂತ್ರಿಗಳು ಬೇಡಿಕೊಂಡಿದ್ದರು. ಮನೆಯವರೂ ಬೇಡಿಕೊಂಡಿದ್ದರು. ಐವತ್ತು ವರ್ಷದ ಹಬ್ಬಕ್ಕೆ ಕಿರೀಟ, ನಿಲುವಂಗಿ ತೊಟ್ಟು ಬಾ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಅವಳು ಇದ್ದದ್ದು ಫ್ರಾಗ್‌ಮೋರಿನಲ್ಲಿ, ಆಲ್ಬರ್ಟ್‌ನ ಸಮಾಧಿ ಇರುವ ತೋಟದಲ್ಲಿ. ಅಲ್ಲಿಯ ಮರದ ಕೆಳಗೆ ಬೆಳಗಿನ ಉಪಾಹಾರ ಮುಗಿಸಿ ರೈಲು ಹತ್ತಿ ಲಂಡನ್ನಿಗೆ ಬಂದವಳು. ಈಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗೆ ಪಟ್ಟಾಭಿಷೇಕದ ಹಳೆಯ ಕುರ್ಚಿಯಲ್ಲಿ ಒಬ್ಬಳೇ ಕೂರುತ್ತಾಳೆ. ಹಾಡುಗಾರರು ಎತ್ತಿಕೊಂಡ ಸ್ತುತಿಗೀತೆಗೆ ರಾಗ ಹಾಕಿದವನು ಆಲ್ಬರ್ಟ್. ಇಡೀ ಅಬ್ಬೆ ಎದ್ದು ನಿಂತಿದೆ, ಯುರೋಪಿನ ಅರ್ಧ ರಾಜರು ಅಲ್ಲಿದ್ದಾರೆ, ಮತ್ತು ಆ ಕುರ್ಚಿಯಲ್ಲಿರುವವಳು ತನ್ನ ಗಂಡನ ಸಂಗೀತ ಕೇಳುತ್ತಿದ್ದಾಳೆ. ಪೂಜೆ ಮುಗಿದ ಮೇಲೆ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈಗೆ ಮುತ್ತಿಡುತ್ತಾರೆ. ಅವಳು ಅವರನ್ನು ಹತ್ತಿರಕ್ಕೆಳೆದು ತಬ್ಬಿಕೊಳ್ಳುತ್ತಾಳೆ.

ನನಗೆ ಈ ರಾಜ್ಯಭಾರದ ಮೇಲೆ ಯಾವ ಮಮತೆಯೂ ಇಲ್ಲ. ಆ ಸಾಮ್ರಾಜ್ಯ ನಮ್ಮ ಮಗ್ಗ, ನಮ್ಮ ಕಾಡು, ನಮ್ಮ ಕಣಜಗಳಿಗೆ ಏನು ಮಾಡಿತೆಂಬುದು ಗೊತ್ತಿದೆ. ಇದೇ ರಾಣಿಯ ಹೆಸರಿನಲ್ಲಿ ಆಳುತ್ತಿದ್ದಾಗ, 1876ರಿಂದ 78ರ ಬರದಲ್ಲಿ, ಮೈಸೂರು ಸೀಮೆಯ ಲಕ್ಷಗಟ್ಟಲೆ ಜನ ಹಸಿದು ಸತ್ತರು. ಆದರೂ ಆ ಕುರ್ಚಿಯ ಮೇಲಿನ ಮುದುಕಿಯನ್ನು ನೋಡುವಾಗ ಮನಸ್ಸು ಅವಳನ್ನು ಸಾಮ್ರಾಜ್ಯದಿಂದ ಬಿಡಿಸಿಕೊಂಡು ನೋಡಲು ಹಟ ಮಾಡುತ್ತದೆ. ಕಾರಣ ಮುಂದೆ ಬರುತ್ತದೆ.

ಹಬ್ಬದ ಗದ್ದಲದಲ್ಲೇ ಹೊಸ ನಾಣ್ಯ ಜನರ ಕೈಗೆ ಬಂತು. ನೀವೀಗ ಲಂಡನ್ನಿನ ಒಂದು ಬಾರಿನ ಕಟ್ಟೆಗೆ ಒರಗಿ ನಿಂತಿದ್ದೀರಿ. ಗ್ಯಾಸ್ ದೀಪದ ಕೆಳಗೆ ಒಬ್ಬ ಸವರನ್ನೊಂದನ್ನು ಮೇಲೆತ್ತಿ ಹಿಡಿದಿದ್ದಾನೆ, ಪಕ್ಕದವನು ಬಾಗಿ ನೋಡುತ್ತಾನೆ, ನಗು ಏಳುತ್ತದೆ. ಇದೇನು ಕಿರೀಟ! ಇನ್ನೇನು ಜಾರಿ ಬೀಳುತ್ತದೆ. ರಾಣಿ ತುಸು ತಲೆ ಬಾಗಿಸಿದರೆ ಸಾಕು. ಮಗುವಿನ ಟೋಪಿ ಕದ್ದು ಇಟ್ಟುಕೊಂಡಂತಿದೆ. ಪತ್ರಿಕೆಗಳಲ್ಲೂ ಅದೇ ಮಾತು, ಪಾರ್ಲಿಮೆಂಟಿನಲ್ಲೂ ಅದೇ ದೂರು. ಐವತ್ತು ವರ್ಷ ಜೇಬಿನಲ್ಲಿ ಹುಡುಗಿಯೊಬ್ಬಳನ್ನು ಇಟ್ಟುಕೊಂಡು ಓಡಾಡಿದವರಿಗೆ ಒಂದೇ ದಿನದಲ್ಲಿ ಅವಳು ಮುದುಕಿಯಾದದ್ದನ್ನು ಸಹಿಸುವುದು ಕಷ್ಟವಾಯಿತು ಎಂದು ನನಗನ್ನಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ಕಿರೀಟವನ್ನು ಬೈದರು. ಅಬ್ಬೆಯಲ್ಲಿ ಕಿರೀಟವೇ ಇಲ್ಲದೆ ಕೂತವಳಿಗೆ ನಾಣ್ಯದ ಮೇಲಿನ ಆ ಪುಟ್ಟ ಕಿರೀಟವೂ ಹೆಚ್ಚೇ ಆಗಿತ್ತೇನೋ.

ಅದೇ ಕಟ್ಟೆಯ ಮೇಲೆ ಇನ್ನೊಂದು ನಾಟಕ ನಡೆಯುತ್ತಿದೆ. ಗಡಿಬಿಡಿಯಲ್ಲಿದ್ದವನೊಬ್ಬ ಅರ್ಧ ಸವರನ್ ಒಗೆದು, ಕುಡಿದು, ಚಿಲ್ಲರೆ ಬಾಚಿಕೊಂಡು ಹೊರಟ. ಯಜಮಾನ ಅದನ್ನು ಗಲ್ಲಾಕ್ಕೆ ಹಾಕುವ ಮುನ್ನ ಅಂಗೈಯಲ್ಲಿ ಕುಣಿಸಿದ, ಮುಖ ಸಪ್ಪಗಾಯಿತು. ಹಗುರ. ಉಗುರಿನಿಂದ ಅಂಚು ಕೆರೆದರೆ ಹಳದಿಯ ಅಡಿಯಲ್ಲಿ ಬಿಳಿ. ಆರು ಪೆನ್ನಿಯ ಹೊಸ ಬೆಳ್ಳಿ ನಾಣ್ಯಕ್ಕೂ ಚಿನ್ನದ ಅರ್ಧ ಸವರನ್ನಿಗೂ ಹೆಚ್ಚು ಕಡಿಮೆ ಒಂದೇ ಅಗಲ. ಎರಡರ ಮೇಲೂ ಅದೇ ರಾಣಿ, ಹಿಂಬದಿಯಲ್ಲಿ ಕಿರೀಟ ಹೊತ್ತ ಗುರಾಣಿ. ಬೆಳ್ಳಿಯ ಮೇಲೆ ಎಷ್ಟೆಂದು ಬೆಲೆಯನ್ನೇ ಬರೆದಿರಲಿಲ್ಲ. ಚಿನ್ನದ ನೀರು ಕುಡಿಸಿದರೆ ಆರು ಪೆನ್ನಿ ಹತ್ತು ಶಿಲಿಂಗ್ ಆಗುತ್ತದೆ, ಇಪ್ಪತ್ತು ಪಟ್ಟು. ತೂಕ ಮಾತ್ರ ಸುಳ್ಳು ಹೇಳದು: ಒಂದು ನಾಲ್ಕು ಗ್ರಾಂ, ಇನ್ನೊಂದು ಮೂರೂ ಇಲ್ಲ. ಕತ್ತಲಲ್ಲಿ, ಗದ್ದಲದಲ್ಲಿ ಯಾರು ತೂಗುತ್ತಾರೆ? ಸರ್ಕಾರ ಅದೇ ವರ್ಷ ಆ ಆರು ಪೆನ್ನಿಯನ್ನು ನಿಲ್ಲಿಸಿ, ಹಾರದ ನಡುವೆ ಬೆಲೆಯನ್ನು ಅಕ್ಷರದಲ್ಲೇ ಬರೆದ ಹಳೆಯ ಮಾದರಿಗೆ ಮರಳಿತು.

ಮೆರವಣಿಗೆ ಮುಗಿದು ಎರಡೇ ದಿನಕ್ಕೆ, ಜೂನ್ 23ರಂದು, ವಿಂಡ್ಸರಿನಲ್ಲಿ ರಾಣಿಯ ಊಟದ ಮೇಜಿನ ಬಳಿ ಇಬ್ಬರು ಹೊಸ ಸೇವಕರು ನಿಂತಿದ್ದರು. ಆಗ್ರಾದಿಂದ ಬಂದವರು. ಅವರಲ್ಲೊಬ್ಬ ಅಬ್ದುಲ್ ಕರೀಮ್; ಮುಂದೆ ಅವಳಿಗೆ ಹಿಂದೂಸ್ತಾನಿ ಅಕ್ಷರ ತಿದ್ದಿಸಿದ ಮುನ್ಷಿ. ನಾಣ್ಯದಲ್ಲಿ ಜಾಗ ಸಿಗದ ಇಂಡಿಯಾ ಊಟದ ಮನೆಗೆ ಬಂದಿತ್ತು.

ನಾಣ್ಯಕ್ಕೆ ಬರಲು 1893ರವರೆಗೆ ಕಾಯಬೇಕಾಯಿತು. ಜನರ ದೂರು ನಿಲ್ಲದೆ, ಹೊಸ ಮುಖ ಆರಿಸಲು ಸಮಿತಿ ಕೂತಿತು. ಹೊಸದು ಸಿದ್ಧವಾಗುವಷ್ಟರಲ್ಲಿ ಬೋಮ್ ಹೋಗಿದ್ದ, ವಯನ್ನೂ ಹೋಗಿದ್ದ. ಥಾಮಸ್ ಬ್ರಾಕ್ ಎಂಬ ಶಿಲ್ಪಿ ಮಾಡಿಕೊಟ್ಟ ಹೊಸ ಮುಖದಲ್ಲಿ ಮುಸುಕು ದೊಡ್ಡದಾಯಿತು, ಪುಟ್ಟ ಕಿರೀಟದ ಬದಲು ಟಿಯಾರಾ ಬಂತು, ಅಂಚಿನಲ್ಲಿ 'ಇಂಡಿಯಾದ ಸಾಮ್ರಾಜ್ಞಿ' ಎಂಬುದರ ಚುಟುಕು ಅಕ್ಷರಗಳು ಸೇರಿದವು. ಬ್ರಾಕ್‌ನ ಕೈಕೆಲಸ ನೋಡಲು ಲಂಡನ್ನಿಗೆ ಹೋಗಬೇಕಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಮೂಲೆಯಲ್ಲಿ, ಬಸ್ಸು ಆಟೋಗಳ ಹೊಗೆಯ ನಡುವೆ ನಿಂತಿರುವ ಅಮೃತಶಿಲೆಯ ರಾಣಿ ಅವನದೇ. 1906ರ ಫೆಬ್ರುವರಿಯಲ್ಲಿ ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು, ಅದರ ಮುಸುಕು ಸರಿಸಿದ್ದ.

ಆದರೆ ಹೊಸದು ಬಂತೆಂದು ಹಳೆಯ ಚಿನ್ನ ಸಾಯುವುದಿಲ್ಲ. ಲಂಡನ್ ನಕ್ಕ ಆ ಸವರನ್‌ಗಳಲ್ಲಿ ಎಷ್ಟೋ ಹಡಗು ಹತ್ತಿ ಮುಂಬಯಿಗೆ ಬಂದವು. 1899ರ ಕಾನೂನಿನಿಂದ ಒಂದು ಸವರನ್ನಿಗೆ ಹದಿನೈದು ರೂಪಾಯಿ ಎಂಬ ಬೆಲೆ ನಿಂತ ಮೇಲಂತೂ ಸರ್ಕಾರ ಅವುಗಳನ್ನು ಕೈಯಿಂದ ಕೈಗೆ ಓಡಾಡುವ ದುಡ್ಡೆಂದೇ ಭಾವಿಸಿತು. ನಮ್ಮ ಜನ ಭಾವಿಸಲಿಲ್ಲ. ಪೌಂಡ್ ಎಂಬುದು ನಮ್ಮ ಬಾಯಲ್ಲಿ ಪವನಾಯಿತು. ಬಂದ ಪವನು ಮರಳಿ ಬಜಾರಿಗೆ ಹೋಗಲಿಲ್ಲ. ಕರಾವಳಿಯಲ್ಲಿ ಇಂದಿಗೂ ಎಂಟು ಗ್ರಾಂ ಚಿನ್ನಕ್ಕೆ ಒಂದು ಪವನ್ ಎನ್ನುವುದು ಆ ನಾಣ್ಯದ ತೂಕದಿಂದಲೇ.

ಒಂದೇ ಒಂದು ಪವನಿನ ಹಿಂದೆ ಹೋಗೋಣ, ನನಗೆ ಗೊತ್ತಿರುವ ಒಂದರ ಹಿಂದೆ. ಮುಂಬಯಿಯಿಂದ ಕರಾವಳಿಯ ಹಡಗಿನಲ್ಲಿ ಕುಮಟೆಗೆ. ಅಲ್ಲಿಂದ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ. ಅಡಿಕೆ ಕೊಟ್ಟ ದುಡ್ಡನ್ನು ಪಂಚೆಯ ಮಡಿಕೆಯಲ್ಲಿ ಕಟ್ಟಿಕೊಂಡು ಬಂದ ಒಬ್ಬ ತೋಟದವರು, ನನ್ನ ಅಜ್ಜಿಯ ಅಜ್ಜ, ಮಗಳ ಮದುವೆಗೆಂದು ಏಳು ಪವನು ಕೊಂಡರು. ಏಳರಲ್ಲಿ ಒಂದು ಜಾರುವ ಕಿರೀಟದ್ದು.

ಅಕ್ಕಸಾಲಿಗರ ಜಗಲಿ. ಮಳೆ ಹಿಡಿದಿದೆ, ಹೆಂಚಿನಿಂದ ಇಳಿದ ನೀರು ಅಂಗಳದಲ್ಲಿ ಗೆರೆ ಕೊರೆಯುತ್ತಿದೆ. ಶೇಟ್ರು ಅಗ್ಗಿಷ್ಟಿಕೆಯ ಮುಂದೆ ಚಕ್ಕಳಮಕ್ಕಳ ಕೂತಿದ್ದಾರೆ. ಒರೆಗಲ್ಲಿಗೆ ಪವನು ತಿಕ್ಕುವುದು ಅವರಿಗೆ ವಾಡಿಕೆಯಷ್ಟೇ, ಅನುಮಾನವಿಲ್ಲ. ರಾಣಿ ಛಾಪು ಮೋಸ ಮಾಡುವುದಿಲ್ಲ. ಚಿನ್ನದ ತಂತಿಯನ್ನು ಸುತ್ತಿ ಸಣ್ಣ ಕೊಂಡಿ ಮಾಡಿದ್ದಾರೆ. ಬಿಳಿಗಾರ ಹಚ್ಚಿ, ಬೆಸುಗೆಯ ಚೂರಿಟ್ಟು, ಇಕ್ಕಳದಲ್ಲಿ ಪವನು ಹಿಡಿದು ಊದುಕೊಳವೆ ಬಾಯಿಗಿಡುತ್ತಾರೆ. ಜ್ವಾಲೆ ನಾಲಿಗೆಯಂತೆ ಚಾಚಿಕೊಳ್ಳುತ್ತದೆ. ಕೊಂಡಿ ಕೂರಬೇಕಾದದ್ದು ನೆತ್ತಿಯ ಮೇಲೆ, ಮುಖ ನೆಟ್ಟಗೆ ತೂಗಬೇಕಲ್ಲ. ಅಲ್ಲಿ, ಅಂಚಿಗೆ ತಾಗುವಂತೆ, ಆ ಪುಟ್ಟ ಕಿರೀಟವಿದೆ. ಬೆಸುಗೆ ಒಮ್ಮೆ ಮಿಂಚಿ ಹರಿಯಿತು. ಬಿದ್ದೇ ಹೋಗುತ್ತದೆ ಎಂದು ಲಂಡನ್ ನಕ್ಕ ಕಿರೀಟದ ನೆತ್ತಿಗೆ ಶಿರಸಿಯ ಶೇಟ್ರು ಕೊಂಡಿ ಹಾಕಿ ಹಿಡಿದುಬಿಟ್ಟರು.

ಮದುವೆಯ ದಿನ ಹುಡುಗಿಗೆ ಹನ್ನೊಂದು ವರ್ಷವಂತೆ. ಕೊರಳಲ್ಲಿ ಏಳು ರಾಣಿಯರು. ಹೊಗೆಗೆ ಕಣ್ಣುಜ್ಜುತ್ತ ಹೋಮದ ಮುಂದೆ ಕೂತ ಆ ಮಗುವಿನ ಎದೆಯ ಮೇಲೆ, ತಾಳಿಯ ಪಕ್ಕದಲ್ಲಿ, ವಿಧವೆಯ ಮುಸುಕು ಹೊದ್ದ ಮುಖವೊಂದು ತೂಗುತ್ತಿದೆಯೆಂದು ಯಾರಿಗೂ ತಿಳಿಯದು. ತಿಳಿದಿದ್ದರೆ ಶೇಟ್ರು ಕೊಂಡಿ ಹಾಕುತ್ತಿರಲಿಲ್ಲ, ಪುರೋಹಿತರು ಒಳಗೆ ಬಿಡುತ್ತಿರಲಿಲ್ಲ. ಗಂಡ ಸತ್ತವಳು ಮದುವೆಯ ಚಪ್ಪರದ ಎದುರಿಗೆ ಬರಬಾರದ ಕಾಲ ಅದು. ಈ ನಾಣ್ಯ ಹುಟ್ಟಿದ 1887ರಲ್ಲೇ, ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ ತಾನೂ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಪಂಡಿತಾ ರಮಾಬಾಯಿ ಅಮೆರಿಕದಲ್ಲಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ, ಇಲ್ಲಿಯ ವಿಧವೆಯರ ಬಾಳು ಹೇಗಿದೆಯೆಂದು ಲೋಕಕ್ಕೆ ತಿಳಿಸಿದ್ದರು.

ಹುಡುಗಿ ಬೆಳೆದಳು. ಮೂವರು ಮಕ್ಕಳಾದರು, ಕೊನೆಯವಳು ನನ್ನ ಅಜ್ಜಿ. ಅಜ್ಜಿಗೆ ನಾಲ್ಕು ವರ್ಷವಿದ್ದಾಗ ಮಳೆಗಾಲದ ಜ್ವರದಲ್ಲಿ ಮನೆಯ ಯಜಮಾನರು ಹೋದರು. ಹತ್ತನೆಯ ದಿನ ಒಳಗಿನ ಕೋಣೆಯಲ್ಲಿ ನಡೆದದ್ದನ್ನು ಅಜ್ಜಿ ಬಾಗಿಲ ಸಂದಿಯಿಂದ ನೋಡಿದ್ದರು. ಬಳೆ ಒಡೆದ ಸದ್ದು. ಆಮೇಲೆ ಯಾರೋ ಹಿರಿಯ ಹೆಂಗಸು ಅಮ್ಮನ ಹಿಂದೆ ನಿಂತು ಪವನಿನ ಸರದ ತಿರುಪು ಬಿಚ್ಚಿದ್ದು. ಪವನುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದದ್ದು. ಆ ಸರ ಮತ್ತೆ ಅಮ್ಮನ ಕೊರಳಿಗೆ ಬರಲಿಲ್ಲ. ಆದರೆ ಅದು ಅಮ್ಮನದಾಗಿಯೇ ಉಳಿಯಿತು. ಭಾಗದ ಜಗಳದಲ್ಲಿ ತೋಟ ಕೈಬಿಟ್ಟಾಗ ಎರಡು ಪವನು, ಮಗನ ಓದಿಗೆ ಎರಡು, ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಎರಡು. ಕೊನೆಯ ಒಂದನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ಸಂದೂಕದಲ್ಲಿಟ್ಟು ಅಜ್ಜಿಗೆ ಬಿಟ್ಟುಹೋದರು.

ಅಜ್ಜಿ ಅದನ್ನು ನನಗೆ ತೋರಿಸಿದ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದೆ. ಬಟ್ಟೆ ಬಿಚ್ಚಿದಾಗ ಕುದುರೆಯ ಬದಿ ಮೇಲಿತ್ತು. ಅಜ್ಜಿ ತಟ್ಟನೆ ಮಗುಚಿ ಹಾಕಿದರು.

"ಆ ಬದಿ ನೋಡ್ಬೇಡ ಪುಟ್ಟಿ. ಕುದುರೆ ಹಾವನ್ನ ತುಳೀತಾ ಇದೆ. ಅಮ್ಮ ಯಾವತ್ತೂ ಅದನ್ನ ಒಳಮುಖ ಮಾಡೇ ಹಾಕ್ಕೊಳ್ತಿದ್ದಿದ್ದು, ನಾಗನ ದೋಷ ಅಂತ."

"ಅದು ಹಾವಲ್ಲ ಅಜ್ಜಿ."

"ಏನೋ ಒಂದು. ಈ ಬದಿ ನೋಡು, ರಾಣಿ."

ನಾನು ಆಗಷ್ಟೇ ಇದನ್ನೆಲ್ಲ ಓದಿಕೊಂಡಿದ್ದೆ. ಹೇಳುವ ಹುಮ್ಮಸ್ಸು. ಈ ಕಿರೀಟ ನೋಡಿ ಅವರ ದೇಶದಲ್ಲಿ ನಕ್ಕಿದ್ದು, ದೊಡ್ಡ ಕಿರೀಟ ಬೇಡವೆಂದು ಅವಳು ಹಟ ಹಿಡಿದಿದ್ದು, ಎಲ್ಲ ಹೇಳುತ್ತ ಹೇಳುತ್ತ, ತಲೆಯ ಮೇಲಿರುವುದು ಗಂಡ ಸತ್ತವರು ಹೊದೆಯುವ ಮುಸುಕು ಅಜ್ಜಿ, ಅವಳೂ ವಿಧವೆಯೇ, ನಲವತ್ತೆರಡಕ್ಕೇ ಗಂಡ ಹೋಗಿದ್ದ ಎಂದೆ.

ಅಜ್ಜಿ ಪವನನ್ನು ಕಿಟಕಿಯ ಬೆಳಕಿಗೆ ತಂದರು. ಕನ್ನಡಕ ಮೇಲೆ ಸರಿಸಿ ಹತ್ತಿರ ಹಿಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಅಡಿಗೆಮನೆಯಲ್ಲಿ ಯಾರೋ ಕಾಯಿ ತುರಿಯುತ್ತಿದ್ದರು.

"ಅವಳ ಸರ ಯಾರೂ ತೆಗೆಸ್ಲಿಲ್ವನೇ?"

ನಾನು ಬಗ್ಗಿದೆ. ಅಜ್ಜಿಯ ಹೆಬ್ಬೆರಳು ರಾಣಿಯ ಗದ್ದದ ಕೆಳಗೆ ನಿಂತಿತ್ತು. ಕೆನ್ನೆ ಸವೆದಿತ್ತು, ಗಾರ್ಟರಿನ ನಕ್ಷತ್ರ ಮಾಸಿ ಬರೀ ಉಬ್ಬಾಗಿತ್ತು. ಉಗುರಿನ ತುದಿಯಲ್ಲಿ, ಕೊರಳ ಮಡಿಕೆಯೊಳಗೆ ಮರೆಯಾಗಿ ಉಳಿದುಕೊಂಡಿದ್ದ ಸಣ್ಣ ಸಣ್ಣ ಮಣಿಗಳನ್ನು ಅಜ್ಜಿ ಒಂದೊಂದಾಗಿ ಎಣಿಸುತ್ತಿದ್ದರು.